ಮೂರು ಬೇಸಿಗೆಯ ಅಮ್ಮ

1/9
ಮೊದಲ ಫೋಟೊವನ್ನ ಸ್ವಲ್ಪ ಹೊತ್ತು ನೋಡಿ, ಆಮೇಲೆ ಓದೋಣ. ಬಣ್ಣ ಮಾಸಿದ ಹಳೇ ಚಿತ್ರ, ಒಬ್ಬ ಹೆಂಗಸು, ಒಬ್ಬ ಗಂಡಸು. ನಾವು ನಿನ್ನೆ ತೆಗೆದ ಫೋಟೊಗೆ ಇವತ್ತು ಫಿಲ್ಟರ್ ಹಾಕಿ ಹಳೇದು ಮಾಡ್ತೀವಲ್ಲ, ಇದು ಹಾಗಲ್ಲ. ನಿಜವಾಗಲೂ ಹಳೇದಾದದ್ದು. 2015ರ ಮಾರ್ಚ್ 31ರಂದು ಬಂದ ‘ಕ್ಯಾರಿ ಅಂಡ್ ಲೋವೆಲ್’ ಆಲ್ಬಮ್‌ನ ಮುಖಪುಟ ಇದು. ಬರೆದು ಹಾಡಿದವರು ಅಮೆರಿಕದ ಸುಫ್ಯಾನ್ ಸ್ಟೀವನ್ಸ್. ಒಟ್ಟು 11 ಹಾಡು, ಎಲ್ಲ ಸೇರಿ ಮುಕ್ಕಾಲು ಗಂಟೆಗೂ ಚೂರು ಕಡಿಮೆ.

ಫೋಟೊದಲ್ಲಿರುವ ಕ್ಯಾರಿ ಅವರ ಅಮ್ಮ. ಪಕ್ಕದಲ್ಲಿರುವ ಲೋವೆಲ್ ಬ್ರಾಮ್ಸ್ ಮಲತಂದೆ. ಈ ಆಲ್ಬಮ್‌ನ ‘ಫೋರ್ತ್ ಆಫ್ ಜುಲೈ’ ಹಾಡನ್ನ ಯಾರದ್ದೋ ರೀಲ್ಸ್ ಹಿಂದೆ, ಮಳೆ ಹನಿ ಬೀಳೋ ಕಿಟಕಿಯ ವಿಡಿಯೊ ಜೊತೆ ನೀವು ಕೇಳಿರಬಹುದು. ಹದಿನೈದು ಸೆಕೆಂಡ್ ದುಃಖ, ಆಮೇಲೆ ಮುಂದಿನ ರೀಲ್.

ಕೇಳಿದವರಲ್ಲಿ ಬಹಳ ಜನ ಹೇಳೋ ಮಾತು ಒಂದೇ: ಈ ಆಲ್ಬಮ್ ನನ್ನ ಗಾಯ ಮಾಯಿಸ್ತು ಅಂತ. ಸರಿ. ಮಾಡಿದವರ ಗಾಯ ಮಾಯಿತಾ? ಈ ಸಲದ ಸರಣಿ ಆ ಪ್ರಶ್ನೆಯ ಬೆನ್ನು ಹತ್ತಿ ಹೋಗುತ್ತೆ. ಉದ್ದ ಇದೆ, ಸೇವ್ ಮಾಡಿಟ್ಟುಕೊಳ್ಳಿ.

2/9
ಸುಫ್ಯಾನ್ ಹುಟ್ಟಿದ್ದು 1975ರಲ್ಲಿ, ಮಿಷಿಗನ್ ರಾಜ್ಯದ ಡೆಟ್ರಾಯ್ಟ್‌ನಲ್ಲಿ. ಹೆಸರು ವಿಚಿತ್ರ ಅನ್ನಿಸಿದ್ರೆ ಕಾರಣ ಇದೆ. ತಂದೆತಾಯಿ ಆಗ ‘ಸುಬುದ್’ ಅನ್ನೋ ಇಂಡೊನೇಷ್ಯಾ ಮೂಲದ ಆಧ್ಯಾತ್ಮಿಕ ಪಂಥದಲ್ಲಿದ್ದರು, ಅಲ್ಲಿಂದ ಬಂದ ಹೆಸರು ಅದು.

ಮಗುವಿಗೆ ಒಂದು ವರ್ಷ ಆಗಿದ್ದಾಗ ಅಮ್ಮ ಮನೆ ಬಿಟ್ಟು ಹೋದರು. ಅವರಿಗೆ ಸ್ಕಿಜೋಫ್ರೇನಿಯಾ, ಬೈಪೋಲಾರ್ ಕಾಯಿಲೆಗಳಿದ್ದವು, ಜೊತೆಗೆ ಕುಡಿತ ಮತ್ತು ಮಾದಕ ವಸ್ತುಗಳ ಚಟ. ಮಕ್ಕಳನ್ನ ಬೆಳೆಸಿದ್ದು ತಂದೆ ಮತ್ತು ಮಲತಾಯಿ.

1980ರ ದಶಕದ ಆರಂಭದಲ್ಲಿ ಕ್ಯಾರಿ ಲೋವೆಲ್ ಬ್ರಾಮ್ಸ್‌ರನ್ನ ಮದುವೆಯಾದರು. ಆ ಮದುವೆ ನಿಂತದ್ದು ಐದು ವರ್ಷದಷ್ಟು. ಆ ಐದು ವರ್ಷದೊಳಗೆ, ಹುಡುಗ ಐದರಿಂದ ಎಂಟು ವಯಸ್ಸಿನವನಾಗಿದ್ದಾಗ, ಮೂರು ಬೇಸಿಗೆ ರಜೆ ಅವನು ಅಣ್ಣ ಅಕ್ಕಂದಿರ ಜೊತೆ ದೇಶದ ಆ ತುದಿಗೆ, ಆರಿಗನ್ ರಾಜ್ಯದ ಯೂಜೀನ್ ಊರಿಗೆ ಹೋಗಿ ಅಮ್ಮನ ಮನೆಯಲ್ಲಿದ್ದ.

ಅಷ್ಟೇ. ಅಮ್ಮ ಅಂತ ಸಿಕ್ಕಿದ್ದು ಹೆಚ್ಚುಕಡಿಮೆ ಇಷ್ಟು. ಆಲ್ಬಮ್‌ನಲ್ಲಿ ಬರೋ ನೆನಪುಗಳೂ ಅಷ್ಟೇ ಚಿಕ್ಕವು. ಈಜು ಕಲಿಸುತ್ತಿದ್ದವರಿಗೆ ‘ಸುಫ್ಯಾನ್’ ಅಂತ ಬಾಯಿ ತಿರುಗದೆ ಅವನನ್ನ ‘ಸುಬಾರು’ ಅಂತ, ಕಾರಿನ ಹೆಸರಿನಿಂದ ಕರೆದದ್ದು. ಇನ್ನೂ ಮೂರ್ನಾಲ್ಕು ವರ್ಷದವನಾಗಿದ್ದಾಗ ಅಮ್ಮ ಒಂದು ವಿಡಿಯೊ ಅಂಗಡಿಯಲ್ಲಿ ಬಿಟ್ಟು ಹೋದದ್ದು. ದೊಡ್ಡ ಘಟನೆ ಯಾವುದೂ ಇಲ್ಲ. ಇಡೀ ಬಾಲ್ಯ ಅಮ್ಮನ ಜೊತೆ ಕಳೆದವರಿಗೆ ಇಂಥ ಸಣ್ಣದು ನೆನಪಿರುವುದಿಲ್ಲ, ನೆನಪಿಟ್ಟುಕೊಳ್ಳೋ ಅಗತ್ಯವೇ ಬೀಳಲ್ಲ. ಲೆಕ್ಕಕ್ಕೆ ಸಿಗುವಷ್ಟೇ ದಿನ ಇದ್ದಾಗ ಒಂದೊಂದೂ ಉಳಿದುಬಿಡುತ್ತೆ.

3/9
ಇಲ್ಲಿ ಒಂದು ಪದದ ಚರಿತ್ರೆ ಹೇಳಲೇಬೇಕು. ‘ನಾಸ್ಟಾಲ್ಜಿಯಾ’ ಅಂತ ನಾವು ಸಲೀಸಾಗಿ ಕ್ಯಾಪ್ಶನ್ ಹಾಕ್ತೀವಲ್ಲ, ಅದು ಮೊದಲು ಒಂದು ರೋಗದ ಹೆಸರು. 1688ರಲ್ಲಿ ಯೊಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಲ್ಲಿ ಈ ಪದ ಕಟ್ಟಿದ. ಗ್ರೀಕ್‌ನ ಎರಡು ಮಾತು: ಒಂದಕ್ಕೆ ಮನೆಗೆ ಮರಳುವುದು, ಇನ್ನೊಂದಕ್ಕೆ ನೋವು ಅಂತ ಅರ್ಥ. ಊರು ಬಿಟ್ಟು ದೂರ ಹೋದ ಸ್ವಿಸ್ ಜನ, ಮುಖ್ಯವಾಗಿ ಪರದೇಶದಲ್ಲಿ ಕೂಲಿಗೆ ಯುದ್ಧ ಮಾಡುತ್ತಿದ್ದ ಸಿಪಾಯಿಗಳು, ಊಟ ನಿದ್ದೆ ಬಿಟ್ಟು ಸೊರಗುತ್ತಿದ್ದರು. ಅದಕ್ಕೆ ಇದ್ದ ಒಳ್ಳೇ ಮದ್ದು ಯಾವುದು ಗೊತ್ತಾ? ಊರಿಗೆ ವಾಪಸ್ ಕಳಿಸೋದು.

ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ‘ತವರಿನ ಹಂಬಲ’ ಇರಬಹುದು. ಆದರೆ ಹಂಬಲಿಸೋಕೆ ಒಂದು ತವರು ಇರಬೇಕಲ್ಲ! ಹೋಫರ್‌ನ ಸಿಪಾಯಿಗೆ ಹಳ್ಳಿ ಇತ್ತು, ಕಳಿಸಿದರೆ ಹೋಗುತ್ತಿದ್ದ. ಸುಫ್ಯಾನ್‌ಗೆ ವಾಪಸ್ ಹೋಗೋಕೆ ಇದ್ದದ್ದು ಮೂರು ಬೇಸಿಗೆ ಮಾತ್ರ. ಅದಕ್ಕೇ ಈ ಆಲ್ಬಮ್‌ನ ನಾಸ್ಟಾಲ್ಜಿಯಾ ಬೇರೆ ಥರದ್ದು. ಕಳೆದುಕೊಂಡದ್ದಕ್ಕಿಂತ ಸಿಗದೇ ಹೋದದ್ದರ ಹಂಬಲ ಇದರಲ್ಲಿ ಜಾಸ್ತಿ.

4/9
ಇದಕ್ಕೂ ಮುಂಚೆ ಅವರು ಹೇಗೆ ಹಾಡುತ್ತಿದ್ದರು ಅನ್ನೋದು ಗೊತ್ತಿಲ್ಲದಿದ್ರೆ 2015ರ ಆಲ್ಬಮ್ ಎಷ್ಟು ಬೇರೆ ಅಂತ ತಿಳಿಯಲ್ಲ.

2003ರಲ್ಲಿ ‘ಮಿಷಿಗನ್’, 2005ರಲ್ಲಿ ‘ಇಲಿನಾಯ್’. ಅಮೆರಿಕದ 50 ರಾಜ್ಯಗಳಿಗೂ ಒಂದೊಂದು ಆಲ್ಬಮ್ ಮಾಡ್ತೀನಿ ಅಂತ ಹೇಳಿಕೊಂಡಿದ್ದರು. ಎರಡರಲ್ಲೇ ನಿಂತಿತು. ಅದು ಪ್ರಚಾರದ ತಮಾಷೆ ಅಂತ ಆಮೇಲೆ ಅವರೇ ಒಪ್ಪಿಕೊಂಡರು. ‘ಇಲಿನಾಯ್’ ಕೇಳಿ ನೋಡಿ: 22 ಟ್ರ್ಯಾಕ್, ತುತ್ತೂರಿ, ಪಿಟೀಲು, ಗುಂಪು ಗಾಯನ, ಹಾಡಿಗಿಂತ ಉದ್ದದ ಹಾಡಿನ ಹೆಸರುಗಳು. ಲಿಂಕನ್ ಬರ್ತಾನೆ, ಷಿಕಾಗೊ ಬರುತ್ತೆ, ಸರಣಿ ಕೊಲೆಗಾರನೊಬ್ಬ ಬರ್ತಾನೆ. ಚರಿತ್ರೆ ಪುಸ್ತಕದ ತುಂಬ ಜನ. ಬರೆದವರು ಮಾತ್ರ ಜನಜಾತ್ರೆಯ ನಡುವೆ ಎಲ್ಲೋ ಮರೆಯಲ್ಲಿ ನಿಂತಿರುತ್ತಾರೆ.

ಆದ್ರೆ ‘ಮಿಷಿಗನ್’ನಲ್ಲಿ ‘ರೋಮ್ಯುಲಸ್’ ಅಂತ ಒಂದು ಹಾಡಿದೆ, ಹೆಸರು ಆ ರಾಜ್ಯದ ಒಂದು ಊರಿನದು. ಬಿಟ್ಟು ಹೋದ ಅಮ್ಮನ ಹಾಡು ಅದು. ಅಂದ್ರೆ ವಿಷಯ ಹನ್ನೆರಡು ವರ್ಷ ಮುಂಚೆಯೇ ಬಾಗಿಲಿಗೆ ಬಂದಿತ್ತು, ಒಂದು ಹಾಡಿನಷ್ಟು ಮಾತ್ರ ಒಳಗೆ ಬಿಟ್ಟುಕೊಂಡಿದ್ದರು. 2010ರ ‘ದಿ ಏಜ್ ಆಫ್ ಆಡ್ಜ್’ ಇನ್ನೂ ಗದ್ದಲದ, ಹೆಚ್ಚಾಗಿ ಇಲೆಕ್ಟ್ರಾನಿಕ್ ಆಲ್ಬಮ್.

2012ರ ಡಿಸೆಂಬರ್‌ನಲ್ಲಿ ಕ್ಯಾರಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೊನೆಯ ಕೆಲವು ದಿನ ಮಗ ಐಸಿಯುನಲ್ಲಿ ಜೊತೆಗಿದ್ದರು.

5/9
ಇದು ಚಿಕ್ಕ ಭಾಗ, ಆದ್ರೆ ನಿಧಾನಕ್ಕೆ ಓದಿ.

ಜೊತೆಗೇ ಇಲ್ಲದ ಅಮ್ಮ ಸತ್ತರೆ ಮಗ ಎಷ್ಟು ಅಳಬೇಕು? ಹತ್ತಿರದವರು ಹೋದಾಗ ಏನು ಮಾಡಬೇಕು ಅಂತ ಎಲ್ಲರಿಗೂ ಒಂದು ಅಂದಾಜಿರುತ್ತೆ. ಇದಕ್ಕೆ ಅಂದಾಜಿಲ್ಲ. ಸುಫ್ಯಾನ್ 2015ರ ಸಂದರ್ಶನಗಳಲ್ಲಿ ಹೇಳಿದ್ದು ಇದನ್ನೇ: ದುಃಖ ಬರಬೇಕಾದ ರೀತಿಯಲ್ಲಿ ಬರಲಿಲ್ಲ, ಅಮ್ಮನ ಸ್ವಭಾವವೇ ತಮ್ಮೊಳಗೆ ಹೊಕ್ಕಂತಾಗಿ ತಮ್ಮನ್ನ ತಾವೇ ಹಾಳುಮಾಡಿಕೊಳ್ಳೋ ದಾರಿ ಹಿಡಿದಿದ್ದರು. ‘ದಿ ಓನ್ಲಿ ಥಿಂಗ್’ ಅನ್ನೋ ಹಾಡಿನಲ್ಲಿ ಬದುಕೇ ಬೇಡ ಅನ್ನೋ ಯೋಚನೆಗಳು ಮುಚ್ಚುಮರೆ ಇಲ್ಲದೆ ಬರುತ್ತವೆ. (ಮನಸ್ಸು ಭಾರ ಇರೋ ದಿನ ಅದನ್ನ ರಾತ್ರಿ ಒಬ್ಬರೇ ಕೂತು ರಿಪೀಟ್ ಹಾಕ್ಬೇಡಿ. ಮನೆಯವರ ಹತ್ರ, ಗೆಳೆಯರ ಹತ್ರ ಮಾತಾಡಿ. ನನಗೆ ಮೆಸೇಜ್ ಮಾಡಿದ್ರೂ ಸರಿ.)

6/9
‘ಕನ್‌ಫೆಷನಲ್’ ಅಂತ ಈ ಥರದ ಹಾಡುಗಳನ್ನ ಕರೀತಾರೆ. ತನ್ನ ಗುಟ್ಟನ್ನ ತಾನೇ ತೋಡಿಕೊಳ್ಳೋದು. ಮಾತು ಬಂದದ್ದು ಸಂಗೀತದಿಂದಲ್ಲ, ಕಾವ್ಯದಿಂದ. 1959ರಲ್ಲಿ ವಿಮರ್ಶಕ ಎಂ. ಎಲ್. ರೋಸೆಂಥಾಲ್ ಒಂದು ಕವನ ಸಂಕಲನದ ಬಗ್ಗೆ ಬರೆಯುತ್ತಾ ಇದನ್ನ ಬಳಸಿದರು. ಆ ಕವಿಯ ಹೆಸರು ರಾಬರ್ಟ್ ಲೋವೆಲ್. (ಹೌದು, ಅಲ್ಲೂ ಒಬ್ಬ ಲೋವೆಲ್! ಸಂಬಂಧ ಏನಿಲ್ಲ, ಕಾಕತಾಳೀಯ.)

ರಾಕ್‌ನಲ್ಲಿ ಇದರ ದೊಡ್ಡ ಉದಾಹರಣೆ ಜಾನ್ ಲೆನನ್. ಬೀಟಲ್ಸ್ ಮುರಿದ ವರ್ಷ, 1970ರಲ್ಲಿ, ಅವರು ಆರ್ಥರ್ ಜಾನೊವ್ ಅನ್ನೋ ಮನಶ್ಶಾಸ್ತ್ರಜ್ಞನ ಹತ್ತಿರ ಚಿಕಿತ್ಸೆಗೆ ಹೋದರು. ಬಾಲ್ಯದ ನೋವನ್ನ ಕೂಗಿ ಅತ್ತು ಹೊರಹಾಕಿಸೋ ಪದ್ಧತಿ ಅದು. ಆ ವರ್ಷದ ಕೊನೆಗೆ ಬಂದ ‘ಪ್ಲಾಸ್ಟಿಕ್ ಓನೊ ಬ್ಯಾಂಡ್’ ಆಲ್ಬಮ್ ಅಮ್ಮನಿಂದ ಶುರುವಾಗಿ ಅಮ್ಮನಿಂದಲೇ ಮುಗಿಯುತ್ತೆ. ಲೆನನ್‌ರನ್ನೂ ಅಮ್ಮ ಬೆಳೆಸಿರಲಿಲ್ಲ, ದೊಡ್ಡಮ್ಮ ಬೆಳೆಸಿದ್ದರು. 1958ರಲ್ಲಿ ಆ ಅಮ್ಮ ಕಾರು ಬಡಿದು ತೀರಿಹೋಗಿದ್ದರು. ಎರಡೂ ಆಲ್ಬಮ್ ಒಂದಾದ ಮೇಲೊಂದು ಕೇಳಿ. ಲೆನನ್ ಗಂಟಲು ಹರಿಯೋ ಹಾಗೆ ಕಿರುಚ್ತಾರೆ. ಸುಫ್ಯಾನ್ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೇನೋ ಅನ್ನೋ ಹಾಗೆ ಪಿಸುಗುಡ್ತಾರೆ.

ಆ ಪಿಸುಮಾತಿಗೆ ಯಂತ್ರದ ಚರಿತ್ರೆಯೂ ಇದೆ. ಸ್ಟುಡಿಯೊದಲ್ಲಿ ಗಂಟೆಗೆ ದುಡ್ಡು, ಗಾಜಿನಾಚೆ ಎಂಜಿನಿಯರ್. ಅಂಥ ಕಡೆ ಗುಟ್ಟು ಹೇಳೋದು ಕಷ್ಟ. 1979ರಲ್ಲಿ ಸಾದಾ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ಹಿಡಿಯೋ ಪೋರ್ಟಾಸ್ಟುಡಿಯೊ ಬಂತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಮ್ಮ ಮಲಗುವ ಕೋಣೆಯಲ್ಲಿ ಅದರಲ್ಲೇ ಹಾಡಿಕೊಂಡು, ಬ್ಯಾಂಡ್ ಜೊತೆ ಮತ್ತೆ ಮಾಡಿ ನೋಡಿ, ಕೊನೆಗೆ ಆ ಕ್ಯಾಸೆಟ್ಟನ್ನೇ 1982ರಲ್ಲಿ ‘ನೆಬ್ರಾಸ್ಕ’ ಅಂತ ಹೊರತಂದರು. 1994ರಲ್ಲಿ ಇದೇ ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಿಂದ ಎಲಿಯಟ್ ಸ್ಮಿತ್ ಮನೆಯಲ್ಲೇ ರೆಕಾರ್ಡ್ ಮಾಡಿದ ‘ರೋಮನ್ ಕ್ಯಾಂಡಲ್’ ತಂದರು. ಕಿವಿಯ ಪಕ್ಕದಲ್ಲೇ ಕೂತು ಹಾಡೋ ಇಂಡೀ ದನಿಗೆ ಇವರೆಲ್ಲ ದಾರಿ ಮಾಡಿಕೊಟ್ಟವರು.

‘ಕ್ಯಾರಿ ಅಂಡ್ ಲೋವೆಲ್’ನ ಕೆಲವು ಭಾಗ ಆರಿಗನ್‌ನ ಕ್ಲಾಮತ್ ಫಾಲ್ಸ್ ಊರಿನ ಹೋಟೆಲ್ ರೂಮಿನಲ್ಲಿ ಐಫೋನ್‌ನಲ್ಲೇ ರೆಕಾರ್ಡ್ ಆದದ್ದು. ಉಳಿದದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಅವರ ಕೆಲಸದ ಕೋಣೆಯಲ್ಲಿ, ಮತ್ತೆ ಕೆಲವು ಗೆಳೆಯರ ಸ್ಟುಡಿಯೊಗಳಲ್ಲಿ. ಹೆಡ್‌ಫೋನ್ ಹಾಕಿ ಕೇಳಿದ್ರೆ ಏಸಿಯ ಗುಂಯ್ ಅನ್ನೋ ಸದ್ದೂ ಸಿಗುತ್ತೆ, ತೆಗೆಯೋಕೆ ಹೋಗಿಲ್ಲ. ಇಂಡೀ ರಾಕ್ ಜೊತೆಗೇ ಇದನ್ನ ಎಣಿಸ್ತಾರೆ, ಆದ್ರೆ ಡ್ರಮ್ ಇಲ್ಲವೇ ಇಲ್ಲ ಅನ್ನಬಹುದು. ತಂತಿವಾದ್ಯ, ಪಿಯಾನೊ, ಒಂದರ ಮೇಲೊಂದು ಹಾಸಿದ ಅದೇ ಒಬ್ಬರ ದನಿ. ರಾಶಿ ಬಿದ್ದಿದ್ದ ಅರೆಬರೆ ಹಾಡುಗಳನ್ನ ಆರಿಸಿ ಆಲ್ಬಮ್ಮಿನ ಆಕಾರಕ್ಕೆ ತಂದವರು ಥಾಮಸ್ ಬಾರ್ಟ್ಲೆಟ್. ಅವರೂ ಸಹೋದರನನ್ನ ಕಳೆದುಕೊಂಡಿದ್ದವರು. ಯಾವುದನ್ನ ಇಡಬೇಕು ಅನ್ನೋದಕ್ಕಿಂತ ಯಾವುದನ್ನ ಬಿಡಬೇಕು ಅನ್ನೋದು ಅವರಿಗೆ ಗೊತ್ತಿತ್ತು ಅನ್ಸುತ್ತೆ.

7/9
ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬಂದೆ. 50 ರಾಜ್ಯಗಳ ಮಾತು ತಮಾಷೆ ಆಗಿತ್ತಲ್ಲ, ಹೇಳದೇ ಕೇಳದೇ ಇದೇ ಮೂರನೇ ರಾಜ್ಯದ ಆಲ್ಬಮ್ ಆಗಿದೆ. ಆರಿಗನ್‌ನ ಚರಿತ್ರೆ ಹಾಡುಗಳ ಒಳಗೆ ಸದ್ದಿಲ್ಲದೆ ಕೂತಿದೆ.

ಮೊದಲ ಹಾಡಿನ ಹೆಸರು ‘ಡೆತ್ ವಿತ್ ಡಿಗ್ನಿಟಿ’. ಅದು ಆರಿಗನ್‌ನ ಒಂದು ಕಾನೂನಿನ ಹೆಸರು. ವಾಸಿಯಾಗದ ಕಾಯಿಲೆಯಲ್ಲಿ ಕೊನೆಯ ಹಂತಕ್ಕೆ ಬಂದವರು ವೈದ್ಯರ ನೆರವಿನಿಂದ ಸಾವನ್ನ ತಾವೇ ಆರಿಸಿಕೊಳ್ಳಬಹುದು ಅನ್ನೋ ಕಾನೂನು. 1994ರಲ್ಲಿ ಜನರೇ ಮತ ಹಾಕಿ ತಂದರು, ಜಾರಿಗೆ ಬಂದದ್ದು 1997ರಲ್ಲಿ. ಕೊನೆಯ ಹಾಡು ‘ಬ್ಲೂ ಬಕೆಟ್ ಆಫ್ ಗೋಲ್ಡ್’. 1845ರಲ್ಲಿ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟು ದಾರಿ ತಪ್ಪಿದ ಒಂದು ಗುಂಪಿಗೆ ಎಲ್ಲೋ ಚಿನ್ನ ಸಿಕ್ಕಿತ್ತಂತೆ. ಅದು ಚಿನ್ನ ಅಂತ ತಿಳಿಯೋ ಹೊತ್ತಿಗೆ ಜಾಗ ಮರೆತುಹೋಗಿತ್ತು. ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಸಿಕ್ಕಿದ್ದಾಗ ಬೆಲೆ ಗೊತ್ತಾಗಲಿಲ್ಲ, ಗೊತ್ತಾದಾಗ ದಾರಿ ಇಲ್ಲ. ಅಮ್ಮನ ಆಲ್ಬಮ್ಮಿಗೆ ಈ ಐತಿಹ್ಯಾನೇ ಕೊನೆ ಯಾಕೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನಡುವೆ ‘ಫೋರ್ತ್ ಆಫ್ ಜುಲೈ’. ಸಾಯುತ್ತಿರುವ ಅಮ್ಮ, ಪಕ್ಕದಲ್ಲಿ ಮಗ, ಮಾತು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗುತ್ತೆ. ಅದರೊಳಗೆ ಟಿಲ್ಲಮುಕ್‌ನ ಬೆಂಕಿ ಬಂದು ಹೋಗುತ್ತೆ. ಇದು ನಿಜವಾಗಿ ನಡೆದದ್ದು. ಆರಿಗನ್‌ನ ವಾಯವ್ಯ ಮೂಲೆಯ ಕಾಡಿಗೆ 1933ರಲ್ಲಿ ಭಾರೀ ಬೆಂಕಿ ಬಿತ್ತು. ಆಮೇಲೆ 1939ರಲ್ಲಿ ಮತ್ತೆ, 1945ರಲ್ಲಿ ಮತ್ತೆ, 1951ರಲ್ಲಿ ಮತ್ತೆ. ಲೆಕ್ಕ ಹಾಕಿ, ಸರಿಯಾಗಿ ಆರಾರು ವರ್ಷಕ್ಕೆ. ಸುಟ್ಟು ನಿಂತಿದ್ದ ಒಣ ಮರಗಳೇ ಮುಂದಿನ ಬೆಂಕಿಗೆ ಸೌದೆ ಆಗುತ್ತಿದ್ದವು. ಒಟ್ಟು ಮೂರೂವರೆ ಲಕ್ಷ ಎಕರೆಗಿಂತ ಹೆಚ್ಚು. ಇದಕ್ಕೆ ‘ಆರು ವರ್ಷದ ಶಾಪ’ ಅಂತಲೇ ಜನ ಹೇಳುತ್ತಿದ್ದರು.

ಕಾಡು ತಾನಾಗಿ ಚಿಗುರಲಿಲ್ಲ. ಬೀಜದ ಮರಗಳೂ ಸುಟ್ಟು ಹೋಗಿದ್ದವು. ಮೊದಲು ಒಣಮರ ಕಡಿದರು, ಬೆಂಕಿ ದಾಟದ ಹಾಗೆ ಪಟ್ಟೆ ತೆಗೆದರು, ಹೆಲಿಕಾಪ್ಟರ್‌ನಿಂದ ಬೀಜ ಸುರಿದರು, ಏಳು ಕೋಟಿಗೂ ಮೀರಿ ಸಸಿಗಳನ್ನ ಕೈಯಲ್ಲೇ ನೆಟ್ಟರು. ನೆಟ್ಟವರಲ್ಲಿ ಶಾಲೆಯ ಮಕ್ಕಳೂ ಇದ್ದರು. 1973ರಲ್ಲಿ ಅದಕ್ಕೆ ಟಿಲ್ಲಮುಕ್ ರಾಜ್ಯ ಅರಣ್ಯ ಅಂತ ಹೆಸರಿಟ್ಟರು. ಮೊದಲ ಬೆಂಕಿ ಬಿದ್ದು ನಲವತ್ತು ವರ್ಷದ ಮೇಲೆ.

8/9
ಈಗ ಮೊದಲು ಕೇಳಿದ ಪ್ರಶ್ನೆ.

ಬಂದ ಹೊತ್ತಿಗೇ ವಿಮರ್ಶಕರು ತಲೆ ಮೇಲೆ ಹೊತ್ತರು. ಪಿಚ್‌ಫೋರ್ಕ್ 10ಕ್ಕೆ 9.3 ಕೊಟ್ಟಿತು. ಸಭಾಂಗಣಗಳು ತುಂಬಿದವು, ಹಿಂದೆ ಪರದೆ ಮೇಲೆ ಮನೆಯವರ ಹಳೇ ವಿಡಿಯೊ ತುಣುಕುಗಳು, ಮುಂದೆ ಕಣ್ಣೊರೆಸಿಕೊಳ್ಳೋ ಜನ. 2025ರಲ್ಲಿ ಹತ್ತು ವರ್ಷದ ನೆನಪಿಗೆ ಹೊಸ ಆವೃತ್ತಿ ಬಂತು, ಜೊತೆಗೆ ಚಿತ್ರಗಳ ಪುಸ್ತಕ, ಅವರದ್ದೇ ಬರಹ. ಸಂಭ್ರಮದ ಮಾತು ಆಡ್ತಾರೆ ಅಂದುಕೊಳ್ತೀವಿ ಅಲ್ವಾ? ಅಮೆರಿಕದ ಎನ್‌ಪಿಆರ್ ರೇಡಿಯೊದಲ್ಲಿ ಅವರು ಹೇಳಿದ್ದೇ ಬೇರೆ. ಈ ಆಲ್ಬಮ್ ಬಗ್ಗೆ ತಮಗೆ ಮುಜುಗರ ಇದೆ, ಕಲಾವಿದನಾಗಿ ಇದು ತಮ್ಮ ಸೋಲಿನ ಸಾಕ್ಷಿ, ಅರ್ಥವೇ ಇಲ್ಲದ್ದಕ್ಕೆ ಅರ್ಥ ಹುಡುಕಲು ಹೋಗಿದ್ದೆ, ಸುತ್ತಿ ಸುತ್ತಿ ತನ್ನ ಸುತ್ತಲೇ ಸುತ್ತಿದ್ದೆ ಅನ್ನೋ ಧಾಟಿಯಲ್ಲಿ.

ಇದನ್ನ ದೊಡ್ಡವರ ವಿನಯ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಅವರ ಮುಂದಿನ ನಡೆ ಇದಕ್ಕೆ ಹೊಂದುತ್ತೆ. 2020ರಲ್ಲಿ ಅವರ ತಂದೆ ತೀರಿಕೊಂಡರು. ಆಗ ಮಾಡಿದ್ದು 2021ರ ‘ಕನ್ವೊಕೇಷನ್ಸ್’: ಐದು ಸಂಪುಟ, 49 ತುಣುಕು, ಎರಡೂವರೆ ಗಂಟೆ. ತೋಡಿಕೊಳ್ಳೋ ಮಾತು ಒಂದೂ ಇಲ್ಲ, ಬರೀ ನಾದ. ಅಮ್ಮನಿಗೆ ಹನ್ನೊಂದು ಹಾಡಿನ ತುಂಬ ಮಾತು ಕೊಟ್ಟವರು ಅಪ್ಪನ ಹೊತ್ತಿಗೆ ಬಾಯಿ ಮುಚ್ಚಿಬಿಟ್ಟರು.

ಇನ್ನೂ ಒಂದು ವಿಷಯ ನನ್ನನ್ನ ಕಾಡುತ್ತೆ. ಕ್ಯಾರಿ ಅವರ ಕಡೆಯ ಕಥೆ ಎಲ್ಲಿದೆ? ತೀವ್ರ ಮಾನಸಿಕ ಕಾಯಿಲೆ ಇದ್ದ ಒಬ್ಬ ಹೆಂಗಸು ಮಕ್ಕಳನ್ನ ಬಿಟ್ಟು ಹೋಗುವ ದಿನ ಏನನ್ನಿಸಿತ್ತು, ಆ ಮೂರು ಬೇಸಿಗೆಗೆ ಮಕ್ಕಳು ಬರ್ತಾರೆ ಅಂತ ಏನೇನು ಕಾದಿದ್ದರು, ನಮಗೆ ಗೊತ್ತಾಗೋದೇ ಇಲ್ಲ. ಹಾಡಿನೊಳಗೆ ಅವರು ಮಾತಾಡ್ತಾರೆ ನಿಜ, ಆದ್ರೆ ಆ ಮಾತು ಬರೆದದ್ದು ಮಗ. ಬಿಟ್ಟು ಹೋದವರ ಮೇಲೆ ಉಳಿದವರು ಬರೆಯೋ ಚರಿತ್ರೆ ಯಾವಾಗಲೂ ಹೀಗೇ. ತಪ್ಪೊಪ್ಪಿಗೆಯ ಆಲ್ಬಮ್ಮಿನಲ್ಲಿ ಇನ್ನೊಬ್ಬರ ಬದುಕೂ ಹೊರಗೆ ಬರುತ್ತೆ, ಅವರನ್ನ ಕೇಳೋಕೆ ಆಗಿರಲ್ಲ. ಸುಫ್ಯಾನ್‌ಗೆ ಇರೋ ಮುಜುಗರದಲ್ಲಿ ಇದರ ಪಾಲೂ ಇದೆಯೇನೋ ಅಂತ ನನ್ನ ಊಹೆ. ಆದ್ರೂ ಒಂದು ಮಾತು ಅವರ ಪರವಾಗಿ: ಹನ್ನೊಂದು ಹಾಡಿನಲ್ಲಿ ಎಲ್ಲೂ ಅಮ್ಮನನ್ನ ಕಟಕಟೆಗೆ ನಿಲ್ಲಿಸಿಲ್ಲ. ಮೊದಲ ಹಾಡಿನಲ್ಲೇ ಕ್ಷಮಿಸಿ ಮುಂದೆ ಹೋಗ್ತಾರೆ.

ಹಾಗಾದ್ರೆ ನಮಗೆ ಸಿಕ್ಕ ಸಮಾಧಾನ ಸುಳ್ಳಾ? ಅಲ್ಲ. ಕೇಳಿದ ನಮಗೆ ನಮ್ಮ ನಮ್ಮ ಮನೆಯ ದುಃಖ ಅದರಲ್ಲಿ ಕಂಡಿತು, ಹಗುರಾಯ್ತು. ಮಾಡಿದವರಿಗೆ ಆಗಲಿಲ್ಲ. ಎರಡೂ ಒಟ್ಟಿಗೆ ನಿಜ ಆಗಿರಬಹುದು, ಯಾಕಾಗಬಾರದು?

9/9
ಕೊನೆ ಸ್ಲೈಡ್. ಆಲ್ಬಮ್ ಹೆಸರಲ್ಲಿ ಇಬ್ಬರಿದ್ದಾರೆ, ಎಲ್ಲರೂ ಒಬ್ಬರ ಬಗ್ಗೆಯೇ ಬರೀತಾರೆ. ಲೋವೆಲ್ ಏನಾದರು?

ಕ್ಯಾರಿ ಜೊತೆಗಿನ ಮದುವೆ ಮುರಿದ ಮೇಲೆ ಅವರಿಗೆ ಆ ಮಕ್ಕಳ ಜೊತೆ ಕಾಗದದ ಮೇಲೆ ಯಾವ ಸಂಬಂಧವೂ ಉಳಿದಿರಲಿಲ್ಲ. ಆದ್ರೆ ಅವರು ಬಿಟ್ಟು ಹೋಗಲಿಲ್ಲ. 1999ರಲ್ಲಿ ಮಲತಂದೆ ಮಲಮಗ ಇಬ್ಬರೂ ಸೇರಿ ‘ಆಸ್ಮ್ಯಾಟಿಕ್ ಕಿಟ್ಟಿ’ ಅಂತ ಒಂದು ಪುಟ್ಟ ರೆಕಾರ್ಡ್ ಕಂಪನಿ ಶುರು ಮಾಡಿದರು. ಅಂದ್ರೆ ಉಬ್ಬಸದ ಬೆಕ್ಕಿನಮರಿ! ವರ್ಷಗಟ್ಟಲೆ ಅದನ್ನ ನಡೆಸಿದವರು ಲೋವೆಲ್. ‘ಮಿಷಿಗನ್’, ‘ಇಲಿನಾಯ್’, ಮತ್ತೆ ತಮ್ಮದೇ ಫೋಟೊ ಇರೋ ಈ ಆಲ್ಬಮ್ ಕೂಡ ಹೊರಬಂದದ್ದು ಅಲ್ಲಿಂದಲೇ.

2020ರ ಮಾರ್ಚ್‌ನಲ್ಲಿ, ಲೋವೆಲ್ ಕೆಲಸದಿಂದ ನಿವೃತ್ತರಾಗೋ ಹೊತ್ತಿಗೆ, ಇಬ್ಬರ ಹೆಸರಲ್ಲೂ ಒಂದು ಆಲ್ಬಮ್ ಬಂತು, ‘ಅಪೋರಿಯಾ’ ಅಂತ. ಲೋವೆಲ್ ನ್ಯೂಯಾರ್ಕ್‌ಗೆ ಬಂದಾಗಲೆಲ್ಲ ಇಬ್ಬರೂ ಕೂತು ಕೀಬೋರ್ಡು ಸಿಂಥಸೈಸರು ಅಂತ ಮನಸ್ಸಿಗೆ ಬಂದಂತೆ ನುಡಿಸಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಗಂಟೆಗಟ್ಟಲೆ ಸಂಗೀತದಿಂದ ಆರಿಸಿದ 21 ತುಣುಕುಗಳು. ಹೆಚ್ಚಿನವು ಎರಡು ಮೂರು ನಿಮಿಷಕ್ಕಿಂತ ಉದ್ದ ಇಲ್ಲ. ವಿಮರ್ಶಕರು ಅದಕ್ಕೆ 9.3 ಏನೂ ಕೊಡಲಿಲ್ಲ, ರೀಲ್ಸ್‌ನಲ್ಲೂ ನಾನು ಕೇಳಿಲ್ಲ. ಇವತ್ತು ರಾತ್ರಿ ಮೊದಲು ‘ಯೂಜೀನ್’ ಹಾಡು ಕೇಳಿ, ಆ ಹುಡುಗ ಈಜು ಕಲೀತಾ ಇರೋದು. ಆಮೇಲೆ ಇದನ್ನ ಹಾಕಿ. ನುಡಿಸ್ತಾ ಇರೋ ಇಬ್ಬರಲ್ಲಿ ಒಬ್ಬರು ಆ ಬೇಸಿಗೆಯಲ್ಲಿ ಅವನಿದ್ದ ಮನೆಯ ಯಜಮಾನರು.